‘ಎಲಾ ಅಂಡ್ ಲೂಯಿ’ ವಿನೈಲ್ ಮರುಮುದ್ರಣ: ಯಾವುದನ್ನು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು

1956ರ ಆಗಸ್ಟ್‌ನಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೋದಲ್ಲಿ ಮುದ್ರಿಸಿದ ಆಲ್ಬಮ್ ಇದು. ವರ್ವ್ ಎಂಬ ರೆಕಾರ್ಡ್ ಕಂಪನಿಗಾಗಿ ನಿರ್ಮಿಸಿದವರು ನಾರ್ಮನ್ ಗ್ರಾಂಟ್ಜ್. ಎಲಾ ಫಿಟ್ಜ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡುತ್ತಾರೆ, ಲೂಯಿಯ ಟ್ರಂಪೆಟ್ ಆಗಾಗ ಬರುತ್ತದೆ. ಅದರಾಚೆಗೆ ಆಸ್ಕರ್ ಪೀಟರ್ಸನ್ ಪಿಯಾನೊ, ಹರ್ಬ್ ಎಲ್ಲಿಸ್ ಗಿಟಾರ್, ರೇ ಬ್ರೌನ್ ಬೇಸ್, ಬಡ್ಡಿ ರಿಚ್ ಡ್ರಮ್ಸ್, ಅಷ್ಟೇ. ದನಿಯನ್ನು ಮುಚ್ಚುವ ದೊಡ್ಡ ವಾದ್ಯವೃಂದ ಇಲ್ಲದ್ದರಿಂದ ಕಟಿಂಗ್‌ನಲ್ಲಿ (ಮೂಲ ಡಿಸ್ಕ್‌ನಲ್ಲಿ ಗ್ರೂವ್, ಅಂದರೆ ಸದ್ದಿನ ಗೀರು ಕೊರೆಯುವುದು) ಅಥವಾ ಪ್ರೆಸ್ಸಿಂಗ್‌ನಲ್ಲಿ (ಅಚ್ಚಿನಿಂದ ವಿನೈಲ್ ಒತ್ತುವುದು) ಆದ ಚಿಕ್ಕ ದೋಷವೂ ಕಿವಿಗೆ ಬೀಳುತ್ತದೆ.

ಈ ಆಲ್ಬಮ್‌ನ ನಿಜವಾದ ತೊಡಕು ಅದರ ಉದ್ದ. 11 ಹಾಡು, ಸುಮಾರು 54 ನಿಮಿಷ. ಒಂದೇ ಡಿಸ್ಕ್‌ನಲ್ಲಿ ತುಂಬಿದರೆ ಒಂದು ಬದಿಗೆ 27 ನಿಮಿಷ, ಅಂದರೆ 900 ಸುತ್ತು. ಅಷ್ಟನ್ನು ಹಿಡಿಸಲು ಗ್ರೂವ್‌ಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಸದ್ದಿನ ಮಟ್ಟ ತಗ್ಗಿಸಬೇಕು, ಲೇಬಲ್ ಹತ್ತಿರದವರೆಗೂ ಹೋಗಬೇಕು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಡಿಸ್ಕ್‌ನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಗ್ರೂವ್ ಸಾಗುತ್ತದೆ. ಕೇಂದ್ರದಿಂದ 6 ಸೆಂ.ಮೀ. ದೂರಕ್ಕೆ ಬರುವಾಗ ಅದು 21 ಸೆಂ.ಮೀ.ಗೆ ಇಳಿದಿರುತ್ತದೆ. ಗಾಯಕಿಯ ‘ಸ್’ ಸದ್ದು ಇರುವ 7 ಕಿಲೋಹರ್ಟ್ಜ್ ಆಸುಪಾಸಿನ ಅಲೆಯ ಉದ್ದ ಹೊರಗೆ 73 ಮೈಕ್ರಾನ್, ಒಳಗೆ ಬರೀ 30. ಶಂಕುವಿನಾಕಾರದ ಸಾಮಾನ್ಯ ಸೂಜಿಯ ತುದಿಯ ತ್ರಿಜ್ಯವೇ 15ರಿಂದ 18 ಮೈಕ್ರಾನ್. ಅಷ್ಟು ಕಿರಿದಾದ ತಿರುವಿನಲ್ಲಿ ಅದು ನೆಟ್ಟಗೆ ಸಾಗುವುದಿಲ್ಲ, ‘ಸ್’ ಬದಲು ‘ಶ್ಖ್’ ಎಂಬ ಉಗುಳುವ ಸದ್ದು ಬರುತ್ತದೆ.

ಆದ್ದರಿಂದ ಆಯ್ಕೆ ಇದ್ದರೆ 45 ಆರ್‌ಪಿಎಂನ (ನಿಮಿಷಕ್ಕೆ 45 ಸುತ್ತು) ಎರಡು ಡಿಸ್ಕ್ ಆವೃತ್ತಿಯನ್ನೇ ಕೊಳ್ಳಿ. ಹದಿಮೂರೂವರೆ ನಿಮಿಷದ ಬದಿಗೆ ಸುಮಾರು 600 ಸುತ್ತು ಸಾಕು, ಗ್ರೂವ್ ಲೇಬಲ್‌ನಿಂದ ದೂರವೇ ನಿಲ್ಲಬಹುದು, ವೇಗವೂ ಮೂರರಲ್ಲೊಂದು ಪಾಲು ಹೆಚ್ಚು. ಪದೇ ಪದೇ ಎದ್ದು ಬದಿ ತಿರುಗಿಸಬೇಕು ನಿಜ, ಆದರೆ ಈ ಆಲ್ಬಮ್‌ಗೆ ಆ ಕಷ್ಟ ಸಾರ್ಥಕ. 180 ಗ್ರಾಂ ಎಂಬ ಸ್ಟಿಕರ್‌ಗೆ ಮರುಳಾಗಬೇಡಿ. ದಪ್ಪ ಡಿಸ್ಕ್ ಕೈಗೆ ಹಿತ, ಗ್ರೂವ್‌ನ ಗುಣ ಅದರಿಂದ ಬದಲಾಗುವುದಿಲ್ಲ.

ಮೂಲ ಯಾವುದು ಎಂಬುದನ್ನೂ ನೋಡಬೇಕು. ಯುರೋಪಿನಲ್ಲಿ 1962ರವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕಿನ ಅವಧಿ ಮುಗಿದಿದೆ, ಯಾರು ಬೇಕಾದರೂ ಒತ್ತಿ ಮಾರಬಹುದು. ಅಂಥವರ ಕೈಯಲ್ಲಿ ಮೂಲ ಟೇಪ್ ಇರುವುದಿಲ್ಲ, ಸಿಡಿಯಿಂದಲೇ ಕಟಿಂಗ್ ಮಾಡಿರುವ ಸಾಧ್ಯತೆ ಹೆಚ್ಚು. ಟೇಪ್‌ನ ಹೆಸರಿಲ್ಲದೆ ‘ರೀಮಾಸ್ಟರ್ಡ್’ ಎಂದಷ್ಟೇ ಬರೆದಿದ್ದರೆ ಅನುಮಾನಿಸಿ. ಕೊನೆಯ ಗ್ರೂವ್ ಮತ್ತು ಲೇಬಲ್ ನಡುವಿನ ಖಾಲಿ ಜಾಗದಲ್ಲಿ ಲ್ಯಾಕರ್ (ಅಚ್ಚಿಗೆ ಆಧಾರವಾಗುವ ಮೂಲ ಡಿಸ್ಕ್) ಕೊರೆದವರ ಗುರುತು ಇರುತ್ತದೆ. ಉದಾಹರಣೆಗೆ ‘ಕೆಪಿಜಿ’ ಅಂದರೆ ಕೆವಿನ್ ಗ್ರೇ, ‘ಆರ್‌ಕೆಎಸ್’ ಅಂದರೆ ರಯಾನ್ ಕೆ. ಸ್ಮಿತ್. ಆಲ್ಬಮ್ ಮೂಲತಃ ಮೋನೊ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು. ಮೋನೊ ಟೇಪನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ಸ್ಟೀರಿಯೊ ಮಾಡಿದ ಹಳೆಯ ಪ್ರತಿ ಎದುರಾದರೆ ಮುಟ್ಟಬೇಡಿ.

ಮೋನೊ ಆಗಿರುವುದರಿಂದ ಒಂದು ದೊಡ್ಡ ಉಪಕಾರವಿದೆ: ನಿಮ್ಮ ಟರ್ನ್‌ಟೇಬಲ್ ಹೊಂದಾಣಿಕೆಯನ್ನು ಇದೇ ಡಿಸ್ಕ್‌ನಿಂದ ಪರೀಕ್ಷಿಸಬಹುದು. ಆಂಪ್ಲಿಫೈಯರ್‌ನ ಮೋನೊ ಸ್ವಿಚ್ ಆಫ್ ಮಾಡಿ, ಸ್ಟೀರಿಯೊ ಕಾರ್ಟ್ರಿಜ್‌ನಲ್ಲಿ (ಸೂಜಿ ಕೂರುವ ಭಾಗ) ಬದಿಯ ಕೊನೆಯ ಹಾಡು ಹಾಕಿ. ಎರಡೂ ಚಾನೆಲ್‌ನಲ್ಲಿ ಇರುವುದು ಒಂದೇ ಸದ್ದು, ಹಾಗಾಗಿ ಎಲಾಳ ದನಿ ಸ್ಪೀಕರ್‌ಗಳ ನಟ್ಟನಡುವೆ ನಿಲ್ಲಬೇಕು. ‘ಸ್’ ಬಂದಾಗ ಮಾತ್ರ ಕರಕರ ಸದ್ದು ಬಲಕ್ಕೆ ಜಾರಿದರೆ ಸೂಜಿ ಗ್ರೂವ್‌ನ ಹೊರಗೋಡೆಯ ಹಿಡಿತ ಬಿಡುತ್ತಿದೆ, ಆಂಟಿ-ಸ್ಕೇಟ್ (ಸೂಜಿಯನ್ನು ಒಳಕ್ಕೆ ಸೆಳೆಯುವ ಬಲವನ್ನು ಸರಿದೂಗಿಸುವ ಹೊಂದಾಣಿಕೆ) ಸ್ವಲ್ಪ ಏರಿಸಿ. ಎಡಕ್ಕೆ ಜಾರಿದರೆ ಇಳಿಸಿ. ಎರಡೂ ಕಡೆ ಸಮನಾಗಿ ಒರಟಾಗಿದ್ದರೆ ಸೂಜಿಯ ಭಾರ ನೋಡಿ. ತಯಾರಕರು 1.5ರಿಂದ 2 ಗ್ರಾಂ ಎಂದಿದ್ದರೆ 1.8ರಿಂದ ಮೇಲೆ ಇಡಿ. ಹಗುರ ಇಟ್ಟರೆ ಡಿಸ್ಕ್ ಉಳಿಯುತ್ತದೆ ಎಂಬುದು ತಪ್ಪು ಕಲ್ಪನೆ, ಹಗುರವಾದ ಸೂಜಿ ಪುಟಿದು ಗೋಡೆಯನ್ನೇ ಕೆತ್ತುತ್ತದೆ. ಆಮೇಲೆ ಪ್ರೊಟ್ರಾಕ್ಟರ್ (ಕಾರ್ಟ್ರಿಜ್‌ನ ಕೋನ ನೋಡುವ ಪಟ್ಟಿ) ಇಟ್ಟು ಕೇಂದ್ರದಿಂದ 66 ಮತ್ತು 120.9 ಮಿ.ಮೀ. ಬಿಂದುಗಳಲ್ಲಿ ಕಾರ್ಟ್ರಿಜ್ ನೇರವಾಗಿದೆಯೇ ಎಂದು ನೋಡಿ. ಇಷ್ಟಾದ ಮೇಲೂ ‘ಸ್’ ಒರಟಾಗಿದ್ದರೆ ಇನ್ನೂ ಕಿರಿದಾದ ತುದಿಯ ಎಲಿಪ್ಟಿಕಲ್ ಅಥವಾ ಮೈಕ್ರೊಲೈನ್ ಸೂಜಿ ಬೇಕು.

ಪರೀಕ್ಷೆ ಮುಗಿದ ಮೇಲೆ ಮೋನೊ ಸ್ವಿಚ್ ಒತ್ತಿ. ಮೋನೊ ಸಂಗೀತ ಇರುವುದು ಗ್ರೂವ್‌ನ ಅಡ್ಡ ಚಲನೆಯಲ್ಲಿ ಮಾತ್ರ, ಮೇಲೆ-ಕೆಳಗಿನ ಚಲನೆಯಿಂದ ಬರುವುದೆಲ್ಲ ಗದ್ದಲ. ಚಾನೆಲ್‌ಗಳು ಕೂಡಿದಾಗ ಆ ಗದ್ದಲ ಕಳೆದುಹೋಗುತ್ತದೆ.

ಹೊಸ ಡಿಸ್ಕನ್ನೂ ಒಮ್ಮೆ ತೊಳೆದೇ ಹಾಕಿ. ತೊಳೆದರೂ ಹೋಗದ ದೋಷ ಎರಡಿವೆ. ಡಿಸ್ಕ್‌ನ ನಡುವಿನ ತೂತು ಅರ್ಧ ಮಿ.ಮೀ. ಪಕ್ಕಕ್ಕಿದ್ದರೂ ಒಳ ಗ್ರೂವ್‌ಗಳಲ್ಲಿ ಶ್ರುತಿ 0.8 ಶೇಕಡಾದಷ್ಟು ಏರಿಳಿಯುತ್ತದೆ. ಪೀಟರ್ಸನ್ ಹಿಡಿದಿಟ್ಟ ಪಿಯಾನೊ ಸ್ವರಗಳು ಪ್ರತಿ ಸುತ್ತಿಗೊಮ್ಮೆ ತೂಗಾಡುತ್ತವೆ, ಟೋನ್ ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಆಚೀಚೆ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು, ಅಚ್ಚಿನಲ್ಲಿ ವಿನೈಲ್ ಪೂರ್ತಿ ತುಂಬದೆ ಉಳಿದ ಗ್ರೂವ್. ಬಟ್ಟೆ ಹರಿದಂಥ ಪರ್‍ ಪರ್‍ ಸದ್ದು ಅದೇ ಜಾಗದಲ್ಲಿ ಸುತ್ತುಸುತ್ತಿಗೂ ಬರುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ವಾಪಸ್ ಕಳಿಸಿ ಬೇರೆ ಪ್ರತಿ ಕೇಳಿ.