ಮಳೆಗೆ ಆಗದ ವಾವಾ ಮರ

ಘಾನಾದ ಕುಮಾಸಿಗೆ ಬಂದ ಮೊದಲ ವರ್ಷ ಹಿತ್ತಲಲ್ಲಿ ಹೂಕುಂಡ ಇಡೋಕೆ ಒಂದು ಸ್ಟ್ಯಾಂಡ್ ಮಾಡಿಸಿದೆ. ಮರ ನಾನೇ ಆರಿಸಿದ್ದು. ಬೆಣ್ಣೆ ಬಣ್ಣ, ಒಂದೂ ಗಂಟಿಲ್ಲ. ಆರಡಿ ಹಲಗೆಯನ್ನು ಒಂದೇ ಕೈಯಲ್ಲಿ ಎತ್ತಿಬಿಟ್ಟೆ. "ಮೇಡಂ, ಇದು ವಾವಾ, ಮಳೆಗೆ ಆಗಲ್ಲ" ಅಂತ ಬಡಗಿ ಎಚ್ಚರಿಸಿದರು. ನಾನು ಕೇಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹಲಗೆ ತುಂಬಾ ನೀಲಿ ಕಲೆ. ಮೊಳೆಗಳು ಸಡಿಲ. ಬೆರಳಿಟ್ಟ ಕಡೆ ಹುಡಿ.

ತಪ್ಪು ಮರದ್ದಲ್ಲ, ನಾನು ಇಟ್ಟ ಜಾಗದ್ದು.

ನೈಜೀರಿಯಾದಲ್ಲಿ ಇದನ್ನೇ ಒಬೆಚೆ ಅಂತಾರೆ, ಕ್ಯಾಮರೂನಿನಲ್ಲಿ ಅಯೂಸ್. ಕಾಡಿನಲ್ಲಿ 50 ಮೀಟರ್‌ವರೆಗೂ ಬೆಳೆಯುವ ದೈತ್ಯ. ಹಾರ್ಡ್‌ವುಡ್ ಅನ್ನೋದು ಹೆಸರಿಗೆ ಮಾತ್ರ, ಅಗಲ ಎಲೆಯ ಮರ ಅನ್ನೋ ಕಾರಣಕ್ಕೆ. ಒಣಗಿದ ವಾವಾ ಒಂದು ಘನ ಅಡಿಗೆ ಸುಮಾರು 11 ಕಿಲೋ ತೂಗುತ್ತದೆ. ನಮ್ಮ ತೇಗ 18 ಕಿಲೋ ದಾಟುತ್ತದೆ. ಕಡಿದ ಮರವನ್ನು ಸುಮ್ನೆ ಬಿಟ್ಟರೆ ಬೂಷ್ಟು, ಹುಳ ಬೇಗ ಹತ್ತುತ್ತವೆ. ಅದಕ್ಕೇ ಬೇಗ ಕೊಯ್ದು ಒಣಗಿಸುತ್ತಾರೆ.

ಚಿತ್ರದ ಚೌಕಟ್ಟು, ಪ್ಲೈವುಡ್ಡಿನ ಒಳಪದರ, ಆಟದ ವಿಮಾನದ ಮಾದರಿ, ಎಲ್ಲಕ್ಕೂ ಇದು ಹೋಗುತ್ತದೆ. ಮೊಳೆಯನ್ನು ಗಟ್ಟಿ ಹಿಡಿಯಲ್ಲ, ಅಂಟು ಮಾತ್ರ ಚೆನ್ನಾಗಿ ಕೂರುತ್ತದೆ. ಉಳಿ ಹರಿತವಾಗಿರಲೇಬೇಕು, ಮೊಂಡಾದರೆ ಎಳೆ ಜಜ್ಜಿಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಸೌನಾದ ವಿಷಯ. ಯೂರೋಪಿನ ಆ ಬಿಸಿ ಕೋಣೆಗಳಲ್ಲಿ 80 ಡಿಗ್ರಿಗಿಂತ ಜಾಸ್ತಿ ಕಾವು ಇರುತ್ತದೆ. ಅಲ್ಲಿ ಬರಿಮೈಯಲ್ಲಿ ಕೂರುವ ಬೆಂಚಿಗೆ ಈ ಮರವನ್ನು ಹುಡುಕಿ ಬಳಸುತ್ತಾರೆ. ಮರದೊಳಗೆ ಗಾಳಿಯೇ ಜಾಸ್ತಿ, ಹಾಗಾಗಿ ಬಿಸಿ ಚರ್ಮಕ್ಕೆ ಬೇಗ ದಾಟಲ್ಲ. ಕಾವಿಗೆ ಒಸರೋಕೆ ಅಂಟುರಾಳವೂ ಇಲ್ಲ. ನನ್ನ ಹಿತ್ತಲಲ್ಲಿ ಒಂದು ಮಳೆಗಾಲ ಬಾಳದ ಮರ ಅಲ್ಲಿ ಅಷ್ಟು ಬೇಕಾದದ್ದು, ಅಲ್ವಾ?

ಕುಮಾಸಿ ಹತ್ತಿರ ನ್ಟೊನ್ಸೊ ಅಂತ ಒಂದು ಊರಿದೆ. ಸೋರೆಬುರುಡೆಯಲ್ಲಿ ಕೆತ್ತಿದ ಅಚ್ಚನ್ನು ಕಪ್ಪು ಬಣ್ಣದಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಅದರಲ್ಲಿ 'ವಾವಾ ಅಬಾ' ಅನ್ನೋ ಒಂದು ಗುರುತಿದೆ, ಅಂದರೆ ವಾವಾ ಬೀಜ. ಮರ ಮೆದು, ಬೀಜ ಮಾತ್ರ ಗಟ್ಟಿ. ಕಷ್ಟಕ್ಕೆ ಜಗ್ಗದವರನ್ನು ಇಲ್ಲಿನವರು ವಾವಾ ಬೀಜದಷ್ಟು ಗಟ್ಟಿ ಅಂತಾರೆ. ಆ ಅಚ್ಚಿನ ಬಟ್ಟೆ ಒಂದನ್ನು ಅಮ್ಮನಿಗೆ ಅಂತ ತೆಗೆದಿಟ್ಟಿದ್ದೇನೆ.

ಹೋದ ವಾರ ಅದೇ ಬಡಗಿಯವರನ್ನು ಮತ್ತೆ ಕರೆದೆ. ಅಡುಗೆಮನೆಯಲ್ಲಿ, ನೀರು ತಾಗದ ಗೋಡೆಗೆ ವಾವಾ ಹಲಗೆಯನ್ನೇ ಹಾಕಿಸಿದೆ. ಈ ಸಲ ಅವರು ಬೇಡ ಅನ್ನಲಿಲ್ಲ. ಊರಿಂದ ತಂದ ಸಾರಿನಪುಡಿ, ಚಟ್ನಿಪುಡಿ ಡಬ್ಬಿಗಳು ಈಗ ಅದರ ಮೇಲಿವೆ.