ಅಪೀಲಿನ ಗಡುವು ಮುಗಿದರೆ ದಾರಿಯೇ ಇಲ್ಲವಾ?

"ಶಿಕ್ಷೆಯಾಗಿ ನಾಲ್ಕು ತಿಂಗಳಾಯ್ತು ಸರ್, ಇನ್ನು ಅಪೀಲು ಹಾಕೋಕಾಗಲ್ವಂತೆ, ಹೌದಾ?" ಜೈಲಿನಲ್ಲಿರುವವರ ಮನೆಯವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹಾಕಬಹುದು. ದಯವಿಟ್ಟು ಕೈಚೆಲ್ಲಿ ಕೂರಬೇಡಿ.

ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟಿದ್ದರೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಸೆಷನ್ಸ್ ಕೋರ್ಟು ಕೊಟ್ಟಿದ್ದರೆ ಹೈಕೋರ್ಟಿಗೆ 60 ದಿನ, ಮರಣದಂಡನೆಯಾದರೆ 30. ಇದು 1963ರ ಲಿಮಿಟೇಶನ್ ಕಾಯ್ದೆಯ ಲೆಕ್ಕ.

ಗಾಬರಿಯಾಗುವ ಮುಂಚೆ ದಿನಗಳನ್ನು ಸರಿಯಾಗಿ ಎಣಿಸಿ. ತೀರ್ಪು ಬಂದ ದಿನ ಲೆಕ್ಕಕ್ಕಿಲ್ಲ. ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ ಮೇಲೆ ಅದು ಸಿಗಲು ಹಿಡಿದ ದಿನಗಳನ್ನೂ ಕಳೆಯಬೇಕು. ಕಾಪಿಯ ಮೇಲಿನ ಸೀಲು ನೋಡಿ. ಅರ್ಜಿ ಕೊಟ್ಟ ತಾರೀಕು, ಕಾಪಿ ಸಿದ್ಧವಾದ ತಾರೀಕು, ಕೈಗೆ ಕೊಟ್ಟ ತಾರೀಕು ಅಲ್ಲಿ ಬರೆದಿರುತ್ತದೆ. ಎಷ್ಟೋ ಜನ ಆ ಹಾಳೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಜೆರಾಕ್ಸ್ ಮಾಡಿಸಿಕೊಂಡು ಬರುತ್ತಾರೆ. ನಾನು ಮೊದಲು ಹುಡುಕುವುದೇ ಅದನ್ನು!

ನಿಜಕ್ಕೂ ತಡವಾಗಿದ್ದರೆ ಅಪೀಲಿನ ಜೊತೆಗೇ ಅದೇ ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 5ರ ಅಡಿ ವಿಳಂಬ ಮನ್ನಾ ಮಾಡಿ ಅಂತ ಅರ್ಜಿ, ಅಫಿಡವಿಟ್ಟು ಹಾಕಬೇಕು. ಸುಮ್ನೆ "ಕಷ್ಟವಿತ್ತು" ಅಂದರೆ ಸಾಲದು. ಯಾವಾಗ, ಯಾಕೆ ಅಂತ ಬರೆಯಿರಿ, ಆಸ್ಪತ್ರೆ ಚೀಟಿ ಇದ್ದರೆ ಇಡಿ. ದಿನದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ಮಾತನ್ನು ತೀರಾ ಬಿಗಿಯಾಗಿ ಹಿಡಿಯಬಾರದು ಎಂದು 1987ರ ಕಾಟಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಂತ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಬೇಡಿ. ಸಿಕ್ಕಿಬಿದ್ದರೆ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ.

ನನಗೆ ಸಂಕಟವಾಗುವುದು ಜೈಲಿನಲ್ಲಿರುವ ಬಡವರನ್ನು ನೆನೆದಾಗ. 1978ರ ಹೊಸ್ಕೋಟ್ ಪ್ರಕರಣದಲ್ಲಿ ಕೈದಿ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ ಸುಪ್ರೀಂ ಕೋರ್ಟಿಗೆ ಬಂದಿದ್ದ. ಹೈಕೋರ್ಟ್ ತೀರ್ಪಿನ ಪ್ರತಿ ತನ್ನ ಕೈಗೇ ಬರಲಿಲ್ಲ ಅನ್ನುವುದು ಅವನ ದೂರು. ಅವನ ಅರ್ಜಿ ವಜಾ ಆಯಿತು ನಿಜ. ಆದರೆ ಆ ತೀರ್ಪಿನಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೈದಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಜೈಲಿನವರು ಅದನ್ನು ತಲುಪಿಸಿ ಸಹಿ ಪಡೆಯಬೇಕು ಎಂದರು. ಹಾಗಾಗಿ ಭೇಟಿಗೆ ಹೋದಾಗ ಮೊದಲು ಕೇಳಿ: ಕಾಪಿ ಬಂತಾ, ಯಾವತ್ತು ಬಂತು?

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೂ ಅಪೀಲು ನಿಲ್ಲಬೇಕಿಲ್ಲ. ಜೈಲು ಅಧಿಕಾರಿಯ ಕೈಗೇ ಅಪೀಲು ಕೊಡಬಹುದು, ಅದನ್ನು ಕೋರ್ಟಿಗೆ ಕಳಿಸುವುದು ಅವರ ಕೆಲಸ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಇವತ್ತೇ ಹೋಗಿ, ಮುಂದಿನ ವಾರ ಬೇಡ.