ಎಫ್‌ಒಬಿ ಮಂಗಳೂರು, ಸಿಐಎಫ್ ಜಿನೋವಾ: ಒಂದು ಕಾಫಿ ಕಂಟೇನರ್‌ನ ಲೆಕ್ಕ

ರಫ್ತು ವಿಭಾಗಕ್ಕೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಎಫ್‌ಒಬಿ, ಸಿಐಎಫ್ ಅಂತ ಮಾರಾಟದ ಷರತ್ತುಗಳನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಎಫ್‌ಒಬಿ ಆದರೆ ಹಡಗಿನ ಬಾಡಿಗೆ ಕೊಳ್ಳುವವರದು, ಸಿಐಎಫ್ ಆದರೆ ಬಾಡಿಗೆಯೂ ವಿಮೆಯೂ ಮಾರುವವರದು. ಇದು ಅರ್ಧ ಮಾತ್ರ. ಖರ್ಚು ಎಲ್ಲಿಯವರೆಗೆ ಯಾರದು ಅನ್ನುವುದು ಒಂದು ಗೆರೆ. ಸರಕು ಕೆಟ್ಟರೆ ನಷ್ಟ ಎಲ್ಲಿಂದ ಯಾರ ತಲೆಗೆ ಅನ್ನುವುದು ಇನ್ನೊಂದು ಗೆರೆ. ಸಿಐಎಫ್‌ನಲ್ಲಿ ಈ ಎರಡು ಗೆರೆಗಳ ನಡುವೆ ಒಂದು ಸಮುದ್ರವೇ ಇರುತ್ತದೆ.

ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿ ಬೀಜ ಹಸನು ಮಾಡುವ ಕಾರ್ಖಾನೆ) ಒಂದು 20 ಅಡಿ ಕಂಟೇನರ್ ರೊಬಸ್ಟಾ ನವಮಂಗಳೂರು ಬಂದರಿನಿಂದ ಇಟಲಿಯ ಜಿನೋವಾಕ್ಕೆ ಹೋಗುತ್ತಿದೆ ಅಂದುಕೊಳ್ಳಿ. 60 ಕೆಜಿಯ 320 ಗೋಣಿಚೀಲ, ಒಟ್ಟು 19,200 ಕೆಜಿ ಕಾಫಿ. ಒಪ್ಪಂದ 'ಸಿಐಎಫ್ ಜಿನೋವಾ'. ಬಾಡಿಗೆ ಜಿನೋವಾದವರೆಗೆ ಮಾರುವವರದು, ಸರಿ. ಆದರೆ ಹಾನಿಯ ಹೊಣೆ ಮಂಗಳೂರಿನಲ್ಲಿ ಕಂಟೇನರ್ ಹಡಗಿನ ಮೇಲೆ ಕೂತ ಕ್ಷಣಕ್ಕೇ ಕೊಳ್ಳುವವರಿಗೆ ದಾಟಿರುತ್ತದೆ. ಕೊಲಂಬೊದಲ್ಲಿ ಹಡಗು ಬದಲಿಸುವಾಗ ಕಂಟೇನರ್ ಬಿದ್ದು ಹಾಳಾದರೆ ವಿಮೆ ಕೇಳಬೇಕಾದವರು ಕೊಳ್ಳುವವರು. ಮಾರುವವರಿಗೆ ಬರಬೇಕಾದ ಹಣ ಬರಲೇಬೇಕು. ಜಿನೋವಾ ತಲುಪುವವರೆಗೂ ಹೊಣೆ ನಮ್ಮದೇ ಅಂತ ಹೆದರಿ ಬೆಲೆಯಲ್ಲಿ ರಿಯಾಯಿತಿ ಕೊಟ್ಟುಬಿಡುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ತಲುಪಿಸುವವರೆಗಿನ ಹೊಣೆ ಬೇಕೆಂದರೆ ಅದಕ್ಕೆ ಡಿಎಪಿ ಅಂತ ಬೇರೆ ಷರತ್ತು ಇದೆ, ಬೆಲೆಯೂ ಬೇರೆ.

ಸಿಐಎಫ್‌ನಲ್ಲಿ ಮಾರುವವರಿಗೆ ನಿಜವಾದ ಅಪಾಯ ಬಾಡಿಗೆಯದು. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳ ಕಾರಣ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಯುರೋಪಿಗೆ ಹೋಗತೊಡಗಿದವು. ಪ್ರಯಾಣದ ದಿನವೂ ಹೆಚ್ಚಿತು, ಬಾಡಿಗೆಯೂ ಏರಿತು. ಹಳೆಯ ಬಾಡಿಗೆ ನಂಬಿ ತಿಂಗಳುಗಟ್ಟಲೆ ಮುಂಚೆ ಸಿಐಎಫ್ ಬೆಲೆ ಹೇಳಿದವರಿಗೆ ಆ ಏರಿಕೆ ಲಾಭದಿಂದಲೇ ಕಳೆಯಿತು. ಸಿಐಎಫ್ ಬೆಲೆ ಕೊಡುವಾಗ ಬಾಡಿಗೆಯ ಕೊಟೇಶನ್ ಯಾವ ದಿನಾಂಕದವರೆಗೆ ಊರ್ಜಿತ ಅಂತ ಮೊದಲು ನೋಡಿ.

ಇನ್ನು ಎಫ್‌ಒಬಿ. ಕಂಟೇನರ್ ಸರಕಿಗೆ ಇದು ಹೊಂದುವುದಿಲ್ಲ, ಆದರೂ ಎಲ್ಲರೂ ಬರೆಯುತ್ತಾರೆ. ಕಂಟೇನರ್ ಬಂದರಿನ ಯಾರ್ಡಿಗೆ ಗೇಟ್-ಇನ್ ಆಗಿ, ಹಡಗು ಬರುವವರೆಗೆ ಕೆಲವು ದಿನ ಅಲ್ಲೇ ಕಾಯುತ್ತದೆ. ಹಡಗು ತುಂಬಿ ನಮ್ಮ ಪೆಟ್ಟಿಗೆ ಮುಂದಿನ ಹಡಗಿಗೆ ಹೋದರೆ ಇನ್ನೊಂದು ವಾರ. ಹಡಗು ಕಂಪನಿಯನ್ನು ಆರಿಸಿದ್ದು ಕೊಳ್ಳುವವರು, ಪೆಟ್ಟಿಗೆ ಇರುವುದೂ ಅವರು ಆರಿಸಿದವರ ವಶದಲ್ಲಿ. ಆದರೆ ಪೆಟ್ಟಿಗೆ ಹಡಗು ಏರುವವರೆಗೆ ಹೊಣೆ ಮಾತ್ರ ಇನ್ನೂ ಮಾರುವವರದೇ. ಈ ಸಂದು ಮುಚ್ಚುವುದು ಎಫ್‌ಸಿಎ ಅನ್ನುವ ಷರತ್ತು. 'ಎಫ್‌ಸಿಎ ಹಾಸನ' ಅಂತ ಕ್ಯೂರಿಂಗ್ ವರ್ಕ್ಸ್‌ನ ಪೂರ್ತಿ ವಿಳಾಸದೊಡನೆ ಬರೆದರೆ, ಕೊಳ್ಳುವವರು ಕಳಿಸಿದ ಗಾಡಿಗೆ ಸರಕು ಲೋಡ್ ಆದೊಡನೆ ಹೊಣೆ ದಾಟುತ್ತದೆ. ಸುಂಕದ ಅನುಮತಿ ಮಾಡಿಸುವ ಕೆಲಸ ಮಾತ್ರ ಮಾರುವವರಲ್ಲೇ ಉಳಿಯುತ್ತದೆ.

ಲೆಟರ್ ಆಫ್ ಕ್ರೆಡಿಟ್ (ಹಣಕ್ಕೆ ಕೊಳ್ಳುವವರ ಬ್ಯಾಂಕು ಕೊಡುವ ಖಾತರಿ ಪತ್ರ) ಇದ್ದಾಗ ಬ್ಯಾಂಕು ಸಾಮಾನ್ಯವಾಗಿ 'ಹಡಗಿಗೆ ಏರಿದೆ' ಅಂತ ಮುದ್ರೆಯಿರುವ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ದಾಖಲೆ) ಕೇಳುತ್ತದೆ ಅನ್ನುವುದು ಎಫ್‌ಸಿಎಗೆ ಇದ್ದ ಹಳೆಯ ತಕರಾರು. ಈ ಷರತ್ತುಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಇನ್‌ಕೋಟರ್ಮ್ಸ್ 2020ರಲ್ಲಿ ಅದಕ್ಕೂ ದಾರಿ ಇದೆ. ಆ ಬಿಲ್ ಕೊಡುವಂತೆ ಕೊಳ್ಳುವವರು ಹಡಗು ಕಂಪನಿಗೆ ಸೂಚಿಸಬೇಕು ಅಂತ ಒಪ್ಪಂದದಲ್ಲೇ ಸೇರಿಸಬಹುದು. ಸೇರಿಸದಿದ್ದರೆ ಈ ದಾರಿ ತಾನಾಗಿ ಸಿಗುವುದಿಲ್ಲ. ಷರತ್ತಿನ ಮುಂದೆ ಜಾಗದ ಹೆಸರು, ಅದರ ಮುಂದೆ 'ಇನ್‌ಕೋಟರ್ಮ್ಸ್ 2020' ಅನ್ನುವುದನ್ನೂ ಬಿಡದೆ ಬರೆಯಿರಿ. ಎಕ್ಸ್ ವರ್ಕ್ಸ್‌ (ಕಾರ್ಖಾನೆಯ ಬಾಗಿಲಲ್ಲೇ ಸರಕು ಒಪ್ಪಿಸುವ) ಷರತ್ತನ್ನು ರಫ್ತಿಗೆ ಒಪ್ಪಬೇಡಿ. ಅದರಲ್ಲಿ ರಫ್ತಿನ ಸುಂಕದ ಕೆಲಸ ವಿದೇಶಿ ಖರೀದಿದಾರರ ಮೇಲೆ ಬೀಳುತ್ತದೆ, ಇಲ್ಲಿ ಶಿಪ್ಪಿಂಗ್ ಬಿಲ್ (ಸುಂಕ ಇಲಾಖೆಗೆ ಕೊಡುವ ರಫ್ತು ಘೋಷಣೆ) ಹಾಕಲು ಬೇಕಾದ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಅವರಿಗೆ ಇರುವುದಿಲ್ಲ.

ವಿಮೆಯ ವಿಷಯದಲ್ಲಿ ಸಿಐಎಫ್ ಕೇಳುವುದು ಕನಿಷ್ಠ ರಕ್ಷಣೆ, ಅಂದರೆ ಒಪ್ಪಂದದ ಬೆಲೆಯ 110 ಶೇಕಡಕ್ಕೆ ಇನ್‌ಸ್ಟಿಟ್ಯೂಟ್ ಕಾರ್ಗೊ ಕ್ಲಾಸಸ್ (ಸರಕು ವಿಮೆಯ ಪ್ರಮಾಣಿತ ಷರತ್ತುಗಳು) 'ಸಿ'. ಬೆಂಕಿ, ಮುಳುಗಡೆ, ಡಿಕ್ಕಿ ಇವು ಅದರಲ್ಲಿ ಬರುತ್ತವೆ. ಕಳ್ಳತನ ಬರುವುದಿಲ್ಲ, ಕಂಟೇನರ್ ಒಳಗೆ ನೀರು ಸೇರಿ ಚೀಲ ನೆನೆದದ್ದೂ ಬರುವುದಿಲ್ಲ. ಕಾಫಿಗೆ ಇದು ಸಾಲದು, ಹೆಚ್ಚು ರಕ್ಷಣೆಯ 'ಎ' ತೆಗೆದುಕೊಳ್ಳಿ. 'ಎ' ಇದ್ದರೂ ಸರಕಿನ ಒಳಗಿನ ದೋಷಕ್ಕೆ ಪರಿಹಾರ ಇಲ್ಲ. ತೇವಾಂಶ 12.5 ಶೇಕಡ ಮೀರಿದ ಬೀಜ ತುಂಬಿದರೆ ಬಿಸಿಲಿಗೆ ಆವಿಯೆದ್ದು, ರಾತ್ರಿ ತಗಡಿನ ಒಳಮೈಯಲ್ಲಿ ಹನಿಗಟ್ಟಿ, ಮೇಲಿನ ಸಾಲಿನ ಚೀಲಗಳ ಮೇಲೇ ತೊಟ್ಟಿಕ್ಕುತ್ತದೆ. ಗೋಡೆಗೆ, ನೆಲಕ್ಕೆ ಕ್ರಾಫ್ಟ್ ಪೇಪರ್ ಹಾಸಿ, ಮೇಲೂ ಹೊದಿಸಿ, ತೇವ ಹೀರುವ ಪೊಟ್ಟಣ ತೂಗುಹಾಕುವುದು ಇದೇ ಕಾರಣಕ್ಕೆ. ಒಂದನ್ನೂ ಉಳಿತಾಯ ಮಾಡಬೇಡಿ.

ತೂಕದ ವಿಷಯ. ವಿಜಿಎಂ ಅಂದರೆ ತುಂಬಿದ ಕಂಟೇನರ್‌ನ ಒಟ್ಟು ತೂಕ. 2016ರ ಜುಲೈ 1ರಿಂದ ಅದಿಲ್ಲದೆ ಪೆಟ್ಟಿಗೆ ಹಡಗು ಏರುವಂತಿಲ್ಲ. ಕಾಫಿ 19,200, ಚೀಲಕ್ಕೆ 1 ಕೆಜಿಯಂತೆ ಗೋಣಿ 320, ಕಾಗದ ಮತ್ತು ಪೊಟ್ಟಣ 30, ಖಾಲಿ ಪೆಟ್ಟಿಗೆ 2,230; ಕೂಡಿದರೆ 21,780 ಕೆಜಿ. ಖಾಲಿ ಪೆಟ್ಟಿಗೆಯ ತೂಕ ಬಾಗಿಲ ಮೇಲೆ ಬರೆದಿರುತ್ತದೆ, ಅಂದಾಜು ಬೇಡ. ಬಿಲ್ ಆಫ್ ಲೇಡಿಂಗ್‌ನಲ್ಲಿ ಬರುವ ಗ್ರಾಸ್ ತೂಕ 19,520, ಅದರಲ್ಲಿ ಪೆಟ್ಟಿಗೆ ಸೇರುವುದಿಲ್ಲ. ಈ ಅಂಕಿಯನ್ನೇ ವಿಜಿಎಂ ಅಂತ ಹಾಕಿಬಿಡುವುದು ತುಂಬ ಸಾಮಾನ್ಯ. ತೂಕದ ಚೀಟಿಗೆ ತಾಳೆಯಾಗದೆ ಬಂದರಿನಲ್ಲಿ ಪೆಟ್ಟಿಗೆ ನಿಂತುಬಿಡುತ್ತದೆ.

ನಿಂತರೆ ದುಡ್ಡು. ಬಂದರಿನ ಒಳಗೆ ಉಚಿತ ದಿನ ಮೀರಿದ್ದಕ್ಕೆ ಡೆಮರೇಜ್, ಹೊರಗೆ ಪೆಟ್ಟಿಗೆ ಇಟ್ಟುಕೊಂಡದ್ದಕ್ಕೆ ಡಿಟೆನ್ಷನ್. ರಫ್ತಿನಲ್ಲಿ ಡಿಟೆನ್ಷನ್ ಗಡಿಯಾರ ಖಾಲಿ ಪೆಟ್ಟಿಗೆ ಎತ್ತಿದ ದಿನದಿಂದಲೇ ಓಡುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೂ ಅದು ನಿಲ್ಲುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬುಕಿಂಗ್ ಮಾಡುವಾಗಲೇ ಹೆಚ್ಚು ಉಚಿತ ದಿನ ಕೇಳಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನ ಮಾತು ಬಿಲ್ ಬಂದಾಗ ನಿಲ್ಲುವುದಿಲ್ಲ. ಹಡಗು ಹೊರಡುವ ದಿನಾಂಕಕ್ಕಿಂತ ಕಟ್-ಆಫ್‌ಗಳು (ಕೊನೆಯ ಗಡುವುಗಳು) ಮುಖ್ಯ: ಗೇಟ್, ವಿಜಿಎಂ, ಶಿಪ್ಪಿಂಗ್ ಸೂಚನೆ, ಮೂರಕ್ಕೂ ಬೇರೆ ಬೇರೆ ಗಂಟೆ ಇರುತ್ತದೆ.

ಬಿಲ್ ಆಫ್ ಲೇಡಿಂಗ್ ಸಾಮಾನ್ಯವಾಗಿ ಮೂರು ಮೂಲಪ್ರತಿಗಳಲ್ಲಿ ಬರುತ್ತದೆ, ಒಂದು ಸಿಕ್ಕರೂ ಸಾಕು, ಸರಕು ಬಿಡಿಸಿಕೊಳ್ಳಬಹುದು. ಬೇಗ ಬೇಕೆಂದು ಖರೀದಿದಾರರು ಒಂದು ಪ್ರತಿಯನ್ನು ನೇರ ಕೊರಿಯರ್ ಮಾಡಲು ಕೇಳಿದರೆ, ಹಣ ಕೈಸೇರುವ ಮುನ್ನ ಕಳಿಸಬೇಡಿ. ಮೂರನ್ನೂ ಬ್ಯಾಂಕಿನ ಮೂಲಕವೇ ಕಳಿಸಿ. ಲೆಟರ್ ಆಫ್ ಕ್ರೆಡಿಟ್ ಬೇರೆ ಗಡುವು ಹೇಳದಿದ್ದರೆ ಹಡಗಿಗೆ ಏರಿದ ದಿನದಿಂದ 21 ದಿನದೊಳಗೆ, ಅದೂ ಲೆಟರ್‌ನ ಅವಧಿ ಮುಗಿಯುವ ಮೊದಲು, ಆ ದಾಖಲೆಗಳು ಬ್ಯಾಂಕಿನ ಮೇಜಿನ ಮೇಲಿರಬೇಕು.